ಸೈರನ್ನಿನ ಗುರುತು

ಮತೊಸಿನ್ಯೋಸಿನ ಬಂದರುಬೀದಿಯಲ್ಲಿ
ಒಂದೊಂದು ಕಾರ್ಖಾನೆಗೂ ಒಂದೊಂದು ಸೈರನ್.
ದೋಣಿ ಬಂತೆಂದರೆ ನಡುರಾತ್ರಿಯೇ ಕೂಗು.
ನಮ್ಮದು ಗಂಟಲು ಕಟ್ಟಿದ ದನಿ,
ನಿದ್ದೆಗಣ್ಣಲ್ಲೂ ಗುರುತು ಹತ್ತುತ್ತಿತ್ತು
ಎನ್ನುತ್ತಾಳೆ ದೆಯೊಲಿಂದಾ.

ಬೂತಾಯಿಯ ತಲೆ ಚಿವುಟಿ,
ಬಾಲಕ್ಕೆ ಕೊರಳು ಕೂಡಿಸಿ ಡಬ್ಬಿಯಲ್ಲಿ ಮಲಗಿಸಿ
ಎಣ್ಣೆ ಹೊಯ್ದ ಕೈ ಅದು.

ಬೀಗ ಬಿದ್ದ ಮೇಲೆ ಅಲ್ಲಿ ಟೈರು ತುಂಬಿದರು.
ಆಮೇಲೆ ಬಿಂಗೋ. ಆಮೇಲೆ ನಾಲ್ಕೇ ತಿಂಗಳು
ಯಾವುದೋ ಹೊಸ ಪಂಥದ ಪ್ರಾರ್ಥನೆ;
ಪಾದ್ರಿ ಬಾಡಿಗೆ ಕೊಡದೆ ಓಡಿಹೋದ.

ಈಗ ಗಾಜಿನ ಬಾಗಿಲು. ಒಳಗೆ
ಬಿಳಿ ತಟ್ಟೆಯ ಮೇಲೆ ಬಾಯಿ ತೆರೆದ ಡಬ್ಬಿ,
ಹದಿನಾಲ್ಕು ಯೂರೋ.
ಹುಟ್ಟುಹಬ್ಬಕ್ಕೆಂದು ಮೊಮ್ಮಗಳು ಮಫಾಲ್ದಾ ಕರೆದೊಯ್ದಳು.
ಮುದುಕಿ ತಿನ್ನಲಿಲ್ಲ. ಫೋರ್ಕಿನ ತುದಿಯಲ್ಲಿ
ಒಂದೊಂದೇ ಎತ್ತಿ ನೋಡಿ
'ಐದೇ ಇವೆ, ಆರು ಹಿಡಿಸಬೇಕು' ಎಂದು
ಮಾಣಿಯನ್ನು ಕರೆದು ಗದರಿದಳು.
ಅವನು ನಕ್ಕ. ಅವಳು ನಗಲಿಲ್ಲ.

ಹಿಂಬಾಗಿಲ ಮೆಟ್ಟಿಲ ಮೇಲೆ ಬೆಕ್ಕುಗಳು.
ಕಾರ್ಖಾನೆ ಮುಚ್ಚಿ ಮೂವತ್ತು ವರ್ಷ,
ಇವು ಎಷ್ಟನೆಯ ತಲೆಮಾರೋ.
ಟೈರಿನ ಕಾಲದಲ್ಲೂ ಬರುತ್ತಿದ್ದವಂತೆ.
ಯಾರು ಹೇಳಿಕೊಟ್ಟರು ಇವಕ್ಕೆ?

ಕರವಸ್ತ್ರ ಬಿಚ್ಚಿ, ಕದ್ದು ತಂದ ಐದನ್ನೂ
ಮೆಟ್ಟಿಲ ಮೇಲೆ ಇಟ್ಟಳು,
ಬಾಲಕ್ಕೆ ಕೊರಳು ಕೂಡಿಸಿ,
ಆರನೆಯದಕ್ಕೆ ಜಾಗ ಬಿಟ್ಟು.