ಮೈಕಿನಾಕಿ

ಐದುನೂರು ರೂಪಾಯಿಗೆ ಒಂದ ಮಧ್ಯಾಹ್ನ
ನನ್ನ ದನಿ ತುಂಬಿಕೊಂಡ್ರು,
ಗುತ್ತಿಗೆದಾರರ ಆಫೀಸಿನ ಹಿಂದಿನ ಕೋಣ್ಯಾಗ,
ಫ್ಯಾನು ಬಂದ್ ಮಾಡಿ, ಕಿಟಕಿಗೆ ಚಾದರ ಕಟ್ಟಿ.

"ರಸ್ತೆ ಅಗಲೀಕರಣ ಕಾಮಗಾರಿಯು ಪ್ರಗತಿಯಲ್ಲಿದ್ದು
ಬಾಧಿತ ಸಾರ್ವಜನಿಕರು ಸಹಕರಿಸಬೇಕಾಗಿ
ಈ ಮೂಲಕ ಕೋರಲಾಗಿದೆ."
ಮೂರು ಸಲ ಹೇಳಿದೆ. ಮೂರನೇದು ಚಲೋ ಬಂತು ಅಂದ್ರು.

ಅವತ್ತಿಂದ ರಾಜೇಸಾಬನ ಆಟೋದ ತಲಿಮ್ಯಾಲ ಕುಂತು
ಬೆಟಗೇರಿ ತುಂಬ ತಿರಗತೈತಿ ಆ ದನಿ.
ನಾ ಮನ್ಯಾಗ ರೊಟ್ಟಿ ಬಡಿಯುವಾಗ
ಹೊರಗ ನಾನ ಹಾದು ಹೋಗ್ತೀನಿ,
ತಿರುವಿನಾಗ ಹಾರ್ನ್ ಹೊಡಕೊಂಡು.

ಮೊದಲ ಗುರುತು ಹಿಡದಾಕಿ ಕಾಯಿಪಲ್ಲೆ ಗುರುಬಸವ್ವ.
"ಅರ್ಧ ಕಿಲೋ ಹೀರಿಕಾಯಿ" ಅಂದೆ.
ತಕ್ಕಡಿ ಅಲ್ಲೇ ನಿಲ್ಲಿಸಿದ್ಲು.
"ನೀ ಮೈಕಿನಾಕಿ ಅಲ್ಲೇನ?
ನಮ್ಮ ಕಟ್ಟಿ ಯಾವತ್ತ ಒಡೀತಾರ, ಹೇಳಿ ಹೋಗು."
ನನಗೇನ ಗೊತ್ತವ್ವಾ, ಹಾಳಿ ಕೊಟ್ರು, ಓದೀನಿ.
"ಓದಾಕಿ ನೀ. ಗೊತ್ತಿದ್ದಾಂವ ಯಾರು?"

ಆಮ್ಯಾಲ ಬಾಗಲಕ್ಕ ಬರಾಕತ್ತಿದ್ರು.
ವಿಠ್ಠಲಸಾ ಬಾಕಳೆ, ಕುಣಿಮಗ್ಗದಾಂವ:
ರೋಲರ್ ಹಾದಾಗೊಮ್ಮೆ ಕುಣಿಯೊಳಗ ಮಣ್ಣು ಉದರತೈತಿ,
ಎಳಿ ಹರೀತಾವು, ಸೀರಿ ಅಂಚಿನ್ಯಾಗ ನಡುಕ ಕಾಣತೈತಿ,
ಹಗಲ ಓಡಿಸಬ್ಯಾಡ್ರಿ ಅಂತ ಹೇಳವ್ವ ನಿಮ್ಮ ಮೈಕಿಗೆ.
ಹುಸೇನಬಿ: ಮಗಳಿಗೆ ದಿನ ತುಂಬ್ಯಾವ,
ರಾತ್ರಿ ಬ್ಯಾನಿ ಬಂದ್ರ ಆ ತಗ್ಗು ತಪ್ಪಿಸಿ
ಗಾಡಿ ಯಾವ ಸಂದ್ಯಾಗ ತರಬೇಕು?
ಮತ್ತೊಬ್ಬ ಸಣ್ಣ ಹುಡುಗ,
ಅವರ ಗ್ವಾಡಿಮ್ಯಾಲ ಕೆಂಪು ಬಣ್ಣದಾಗ ೪.೫ ಅಂತ ಬರದಾರ:
"ಅಕ್ಕಾ, ನಾಲ್ಕೂವರಿ ಅಂದ್ರ ಮೀಟರೋ, ತಾಸೋ?"

ಯಾರಿಗೂ ಉತ್ತರ ಕೊಡಲಿಲ್ಲ.
ಮಗನ ಹಳೇ ಗಣಿತದ ವಹಿಯೊಳಗ ಬರಕೊಂಡೆ,
ಎಡಕ್ಕ ಪ್ರಶ್ನಿ, ಬಲಕ್ಕ ಜಾಗ ಬಿಟ್ಟು.

ತೋರಗಲ್ಲ ಇಂಜಿನಿಯರು ವಹಿ ತಿರುವಿದ್ರು.
ಕೆಟ್ಟವರಲ್ಲ, ಬೂಟಿನ ಮ್ಯಾಲ ಡಾಂಬರು,
ಕಣ್ಣಾಗ ಎರಡು ದಿನದ ನಿದ್ದಿ ಬಾಕಿ.
"ಇವೆಲ್ಲ ಸಭಾದಾಗ ಕೇಳಬೇಕಾಗಿತ್ತಲ್ಲ."
ಸಭಾ ಯಾವಾಗರಿ?
"ಆಗೈತಿ. ಹನ್ನೊಂದು ಮಂದಿ ಸಹಿ ಐತಿ."
ನೋಡಿದೆ. ಹನ್ನೊಂದರಾಗ ಒಂದ ಹೆಸರು ನನಗ ಗೊತ್ತಿತ್ತು,
ಚಹಾ ಕೊಡಾಕ ಹೋದ ಹುಡುಗಂದು.

ಮಾತು ಮುಗೀಲಿಲ್ಲ,
ಹೊರಗ ಜೆಸಿಬಿ ಏನೋ ಕಚ್ಚಿ ನಿಂತ ಸಪ್ಪಳ,
ಅದರ ಬೆನ್ನಿಗೆ ನೀರಿನ ಸಪ್ಪಳ.
ಹದಿನೈದು ದಿನಕ್ಕೊಮ್ಮೆ ಬರೋ ನೀರು,
ನಾಳೆ ನಮ್ಮ ಓಣಿಗೆ ಬಿಡಬೇಕಾದದ್ದು,
ಕಡಿ ಹಾಸಿದ ರಸ್ತೆಮ್ಯಾಲ ಪುಕ್ಕಟೆ ಹರಿಯಾಕತ್ತಿತ್ತು.

"ಸಾರ್ವಜನಿಕರು ಸಹಕರಿಸಬೇಕಂತ
ಇನ್ನೊಮ್ಮೆ ಹಚ್ಚು" ಅಂದ್ರು ಸಾಹೇಬ್ರು.
ಹಚ್ಚೂದಿಲ್ಲ ಅನ್ನಲಿಲ್ಲ ನಾ.
ಎಷ್ಟ ದಿನಾರಿ, ಅಂದೆ.
ಒಂದು ಫೋನು ಮಾಡಿದ್ರು, ಮತ್ತೊಂದು,
ಮೂರನೇದಕ್ಕ ಬೆರಳು ಎತ್ತಿ ತೋರಿಸಿದ್ರು. ಮೂರು.
ಟ್ಯಾಂಕರು? ಸಂಜಿ ಆರಕ್ಕ.

ರಾಜೇಸಾಬನ ಹಿಂದ ನಾನ ಕುಂತೆ,
ಪೆಟ್ಟಿಗಿ ಬಂದ್ ಮಾಡಿ, ಮೈಕು ಕೈಯಾಗ ಹಿಡದು.
"ಕೇಳ್ರೀ. ಪೈಪು ಒಡದೈತಿ, ಜೆಸಿಬಿ ಒಡದೈತಿ.
ನಾಳೆ ನೀರು ಬರಂಗಿಲ್ಲ.
ಮೂರು ದಿನ ಅಂದಾರ, ನೀವು ಐದು ಹಿಡೀರಿ.
ಆರಕ್ಕ ಟ್ಯಾಂಕರು, ಸಾಲಿ ಮುಂದ.
ಹುಸೇನಬಿ, ಗಾಡಿ ಹಿಂದಿನ ಸಂದ್ಯಾಗ ಬರತೈತಿ, ನೋಡಿ ಬಂದೀನಿ.
ವಿಠ್ಠಲಸಾ, ರೋಲರಿಂದು ಇನ್ನೂ ಗೊತ್ತಿಲ್ಲ. ಕೇಳ್ತೀನಿ."

ಮಗ್ಗದ ಸಪ್ಪಳ ನಿಂತಿತು ಒಂದು ಗಳಿಗಿ.
ಬಾಗಲದಾಗ ಮಂದಿ, ಮಾಳಿಗಿಮ್ಯಾಲ ಮಂದಿ,
"ಗೊತ್ತಿಲ್ಲ" ಅನ್ನೋ ಮಾತು ಮೈಕಿನಾಗ ಬಂದದ್ದು
ಅವರು ಕೇಳಿರಲಿಲ್ಲ, ನಾನೂ.

ಆರು ಆತು. ಏಳು. ಟ್ಯಾಂಕರಿಲ್ಲ.
ಒಂಬತ್ತಕ್ಕ ದೀಪ ಕಂಡಿತು, ಅಷ್ಟರಾಗ
ಪಾಳಿ ಹನುಮಪ್ಪನ ಗುಡಿ ಮುಟ್ಟಿತ್ತು,
ಕೊಡ ಕೊಡಕ್ಕ ತಾಗಿ ಬೈಗುಳ ಏಳ್ತಿದ್ವು.
ಮೈಕಿನಾಕಿ ಅನ್ನಲಿಲ್ಲ ಯಾರೂ.
"ಸಾವಂತ್ರೀ, ಆರಂದಿದ್ದಿ, ಒಂಬತ್ತಾತಲ್ಲ!"

ಹೌದವ್ವ, ಅಂದೆ.
ನನ್ನ ಕೊಡ ಪಾಳಿಯೊಳಗ ಐವತ್ತೆರಡನೇದು.