ಎರಡೂ ಕೈಗೆ

ತ್ಸ್ಖಲ್ತುಬೋದ ನೀರು ಮೈಯಷ್ಟೇ ಬೆಚ್ಚಗೆ.
ಇಳಿದರೆ, ಚರ್ಮ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು
ತಿಳಿಯುವುದಿಲ್ಲ. ಅದಕ್ಕೇ ಜನ ಬರುತ್ತಾರೆ,
ಇಪ್ಪತ್ತು ನಿಮಿಷ ನೆನೆದು, ಒರೆಸಿಕೊಂಡು,
ಮೂರನೇ ಕೋಣೆಯ ನನ್ನ ಮಂಚಕ್ಕೆ.
ನಾನು ಎತೇರಿ. ಮೂವತ್ತೊಂದು ವರ್ಷದಿಂದ ಬೆನ್ನು ಓದುವವಳು.
ಮುಖ ಮರೆಯುತ್ತೇನೆ, ಹೆಗಲು ಮರೆಯುವುದಿಲ್ಲ.

ಆ ಮಂಗಳವಾರ ವರ್ಲಾಮ್ ಬಂದ. ಚಿಯಾತುರಾದ ಗಣಿಯವನು.
ಅಂಗಿಯ ಎಡತೋಳನ್ನು ಮಡಿಸಿ ಪಿನ್ನು ಹಾಕಿದ್ದ.
"ಒಂದು ಕೈ ಕಡಿಮೆ ಇದೆ, ದುಡ್ಡಲ್ಲೂ ಕಡಿಮೆ ಮಾಡು" ಎಂದ.
ನಕ್ಕೆ. ಅವನು ನಗಲಿಲ್ಲ.

ಅಕ್ರೋಡಿನ ಎಣ್ಣೆ ಅಂಗೈಯಲ್ಲಿ ಬೆಚ್ಚಗಾಗಲು ಬಿಟ್ಟು
ಕತ್ತಿನಿಂದ ಹಿಡಿದೆ.
ನನಗೆ ಕೆಲಸ ಕಲಿಸಿದ ನೋರಾ ಹೇಳುತ್ತಿದ್ದಳು:
ನೋವಿನ ಮನೆಗೆ ಹೋದಾಗ ಬಾಗಿಲು ಬಡಿಯಬೇಡ,
ಜಗಲಿಯಲ್ಲಿ ಕೂತಿರು, ಒಳಗಿನವರೇ ಕರೆಯುತ್ತಾರೆ.
ಕೂತೆ.
ಬೆನ್ನುಹುರಿಯ ಅಕ್ಕಪಕ್ಕ ಹೆಬ್ಬೆರಳು ಇಳಿಸುತ್ತ, ಏರಿಸುತ್ತ.
ಭುಜದ ಕೆಳಗೆ ಕರಿ ಚುಕ್ಕೆಗಳು,
ಚರ್ಮದೊಳಗೇ ಉಳಿದುಹೋದ ಮ್ಯಾಂಗನೀಸ್ ಧೂಳು,
ಯಾವ ಸೋಪಿಗೂ ಬಗ್ಗದ್ದು.

ತೋಳು ಮುಗಿದಲ್ಲಿ ನನ್ನ ಕೈಯೂ ನಿಂತಿತು.
ಎಲ್ಲರೂ ಅಲ್ಲೇ ನಿಲ್ಲುತ್ತಾರಂತೆ.
"ಅಲ್ಲಿಂದಾಚೆಗೇ ನೋವು" ಎಂದ,
ಮಂಚದ ತೂತಿನಲ್ಲಿ ಮುಖವಿಟ್ಟು, ನೆಲಕ್ಕೆ ಹೇಳುವವನಂತೆ.
"ಮುಷ್ಟಿ ಬಿಗಿದಿದೆ. ಏಳು ವರ್ಷ. ಉಗುರು ಅಂಗೈಗೆ ಇಳಿದಿವೆ.
ಡಾಕ್ಟರು ತೋರಿಸು ಅಂದರು. ಏನು ತೋರಿಸಲಿ?"

ಬಹಳ ಹೊತ್ತು ಸುಮ್ಮನಿದ್ದು
"ನೀವು" ಎಂದ. ಅಷ್ಟೇ.
ಅಲ್ಲಿಯವರೆಗೂ ಏಕವಚನದಲ್ಲಿದ್ದವನು
ಗೌರವಕ್ಕೆ ಕರೆದನೋ, ಸಲುಗೆಯಲ್ಲಿ ಬೇಡಿದನೋ.

ಅಂಗಾತ ಮಲಗಿಸಿ, ಸ್ಟೂಲನ್ನು ಎಡಕ್ಕೆ ಎಳೆದುಕೊಂಡೆ.
ಮಂಚದ ಮೇಲೆ ಏನೂ ಇಲ್ಲ. ಬಿಳಿ ಬಟ್ಟೆ, ಒಂದು ಸುಕ್ಕು.
ಎಲ್ಲಿ ಮೊಣಕೈ? ಇನ್ನೂ ಸ್ವಲ್ಪ ಕೆಳಗೆ. ಹಾಂ, ಅಲ್ಲಿ.
ಮಣಿಕಟ್ಟು? ಮೆತ್ತಗೆ.
ನಾಚಿಕೆಯಾಯಿತು, ಸುಳ್ಳು ಹೇಳಲಾರೆ.
ಮನಾನಾ ಟವೆಲು ಹಿಡಿದು ಬಂದುಬಿಟ್ಟರೆ ಏನಂದಾಳು,
ಗಾಳಿಗೆ ಎಣ್ಣೆ ಹಚ್ಚುವ ಹುಚ್ಚಿ.

ಕಿರುಬೆರಳಿನಿಂದ ಶುರು. ಅದು ಬೇಗ ಬಿಟ್ಟಿತು.
ಉಂಗುರದ್ದು ಮೊಂಡು, ಎರಡು ಸಲ ಮರಳಿ ಮಡಿಚಿತು,
ಅವನ ಹುಬ್ಬು ನೋಡಿ ತಿಳಿದೆ.
ಮಧ್ಯದ್ದು. ತೋರುಬೆರಳು.
ಹೆಬ್ಬೆರಳನ್ನು ನಾನು ಬಿಡಿಸಲಿಲ್ಲ, ಅದೇ ಸರಿಯಿತು.
ದವಡೆ ಸಡಿಲಾಯಿತು, ಹೊಟ್ಟೆ ಏರಿ ನಿಧಾನ ಇಳಿಯಿತು,
ಇರುವ ಕೈಯ ಬೆರಳೂ ತಾವಾಗಿ ಬಿಚ್ಚಿಕೊಂಡವು.

ಏನಿತ್ತು ಅದರಲ್ಲಿ? ಕೇಳಬಾರದಿತ್ತು, ಕೇಳಿದೆ.
"ಹಗ್ಗ" ಎಂದ.
"ಅದಿರಿನ ತೊಟ್ಟಿ ಜಾರಿತು. ಒಳಗೆ ಒತಿಯಾ ಇದ್ದ.
ಕೈ ನಾನು ಬಿಟ್ಟೆನೋ, ಕೈಯೇ ನನ್ನ ಬಿಟ್ಟಿತೋ,
ಇವತ್ತಿಗೂ ಗೊತ್ತಿಲ್ಲ."

ಸಮಾಧಾನ ಹೇಳುವುದು ನನ್ನ ಕಸುಬಲ್ಲ.
ಅಂಗೈಯನ್ನು ಅವನು ಹೇಳಿದ ಜಾಗದ ಕೆಳಗೆ ಚಾಚಿ ಕೂತೆ,
ನಿದ್ದೆಹೋದ ಮಗುವಿನ ತಲೆಯ ಕೆಳಗೆ ಇಟ್ಟಂತೆ,
ತೋಳು ಜೋಮು ಹಿಡಿಯುವವರೆಗೆ.
ಗೋಡೆಯಾಚೆ ತೊಟ್ಟಿಗೆ ನೀರು ತುಂಬುತ್ತಿತ್ತು, ಬಸಿಯುತ್ತಿತ್ತು.
ಕೈಗುಣ ಅನ್ನುತ್ತಾರೆ ಜನ. ನನಗೆ ಗೊತ್ತಿಲ್ಲ.
ರಾತ್ರಿ ನನ್ನ ಮಣಿಕಟ್ಟೂ ಸೆಳೆಯುತ್ತದೆ,
ಒಬ್ಬಳೇ ನೀವಿಕೊಳ್ಳುತ್ತೇನೆ, ಟೀವಿ ನೋಡುತ್ತ.

ಹೋಗುವಾಗ ಪೂರ್ತಿ ದುಡ್ಡು ಎಣಿಸಿಟ್ಟ.
"ಎರಡೂ ಕೈಗೆ" ಎಂದ.
ಕೋಟು ತೊಡಲು ಒದ್ದಾಡಿದ, ನೆರವಿಗೆ ಹೋದರೆ ಬಿಡಲಿಲ್ಲ.
ನಾಲ್ಕೂಕಾಲಿನ ಬಸ್ಸು ಅವನಿಗೆ ಸಿಕ್ಕಿತೋ ಇಲ್ಲವೋ.

ಬಟ್ಟೆ ಬದಲಿಸಹೋದರೆ
ಎಡಗಡೆ ಎಣ್ಣೆಯ ಕಲೆ.
ಕೈಯ ಆಕಾರ ಅಂತೇನೂ ಇಲ್ಲ, ಸುಮ್ಮನೆ ಕಲೆ.
ಅಕ್ರೋಡಿನದು, ಒಗೆದರೆ ಹೋಗುವುದಿಲ್ಲ ಎಂದು ಮನಾನಾ ಬೈದಳು.
ಬೈಯಲಿ.