ನೀಲಿ ಹೆಬ್ಬೆಟ್ಟು

ಗಾದಿಲಿಂಗಪ್ಪನ ಬಾಡಿಗೆ ಪುಸ್ತಕದ ಗೂಡು
ಬ್ರೂಸ್‌ಪೇಟೆಯಲ್ಲಿ, ಬೀಗದ ಅಂಗಡಿಗೂ ಗಿರಣಿಗೂ ನಡುವೆ.
ಪತ್ತೇದಾರಿಯ ಮೇಲೂ ಜೋಳದ ಹಿಟ್ಟು,
ಪಂಚಾಂಗದ ಮೇಲೂ ಜೋಳದ ಹಿಟ್ಟು.
ಅವನು ಕೇಳಲಿಲ್ಲ, ನಾನು ಹೇಳಲಿಲ್ಲ;
ಹಳೇ ಕ್ಯಾಲೆಂಡರಿನ ಹೊದಿಕೆ ಹಾಕಿದ್ದೊಂದನ್ನು ಮುಂದೆ ಸರಿಸಿ
"ಇದ್ರಾಗೆ ಯಾರೂ ಸಾಯಲ್ಲಪ್ಪ" ಅಂದ.

ಅಷ್ಟು ಸಾಕಿತ್ತು.
ನಲವತ್ತೊಂದು ವರ್ಷ ಓದಿದ್ದರಲ್ಲಿ, ನೋಡಿದ್ದರಲ್ಲಿ
ನನ್ನಂಥವನು ಬಂದರೆ ಒಂದೋ ನಗಿಸಲಿಕ್ಕೆ,
ಇಲ್ಲಾ ಕೊನೆಗೆ ರೈಲು ಹಳಿಯ ಮೇಲೆ ಮಲಗಲಿಕ್ಕೆ.

ಈ ಪುಸ್ತಕದಲ್ಲಿ ಒಂದು ಸಣ್ಣ ಊರು. ಹೆಸರಿಲ್ಲ.
ನಾನೇ ಕುರುಗೋಡು ಅಂತ ಇಟ್ಟುಕೊಂಡೆ.
ವಾಮನ ಅಲ್ಲಿ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುತ್ತಾನೆ,
ಎಡಗಾಲು ಎರಡಿಂಚು ಗಿಡ್ಡ.
ದಸ್ತಗೀರ ಎಂಟು ವರ್ಷ ಆಂಬುಲೆನ್ಸ್ ಓಡಿಸಿದವನು,
ಒಂದು ರಾತ್ರಿಯ ಮೇಲೆ ಸ್ಟೇರಿಂಗ್ ಮುಟ್ಟಿಲ್ಲ,
ಎಲ್ಲಿಗೂ ನಡೆದೇ ಹೋಗುತ್ತಾನೆ.

ಏನು ನಡೆಯುತ್ತದೆ ಅಂತ ಹೇಳಿದರೆ ನಗುತ್ತೀರಿ.
ಐವತ್ತು ಪುಟ ಒಂದೇ ಮೋಟರಿನ ರಿಪೇರಿ.
ಇನ್ನೈವತ್ತು, ಉಗ್ಗಾನಿಗೆ ಖಾರ ಹೆಚ್ಚೋ ಕಡಿಮೆಯೋ ಎಂಬ ತಕರಾರು
(ಪುಸ್ತಕದಲ್ಲಿರುವುದು ಉಪ್ಪಿಟ್ಟು, ನಾನು ಬದಲಿಸಿಕೊಂಡೆ).
ಮಳೆ ಬಂದರೆ ಮಾತ್ರ ಏನೂ ಮಾಡಲಾಗುವುದಿಲ್ಲ,
ಬಿಟ್ಟುಬಿಡುತ್ತೇನೆ. ಬರಲಿ, ಪಾಪ.

ನೂರಾ ಹನ್ನೆರಡನೇ ಪುಟದಲ್ಲಿ
ವಾಮನ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಾನೆ,
ಎಡಗಾಲಿನದಕ್ಕೆ ದಪ್ಪನೆಯ ಅಟ್ಟೆ.
ದಸ್ತಗೀರ ಅದನ್ನೆತ್ತಿ, ಒಳಗಿನ ಮರಳು ಕೊಡವಿ,
ಬಾಗಿಲ ಒಳಗೆ ತನ್ನ ಚಪ್ಪಲಿಯ ಪಕ್ಕ ಇಡುತ್ತಾನೆ.
ಅಧ್ಯಾಯ ಮುಗಿಯಿತು.
ಯಾರೂ ಯಾರನ್ನೂ ಮುಟ್ಟಲಿಲ್ಲ.
ನಾನು ಓವರ್‌ಲಾಕ್ ಮಿಷನ್ನಿನ ಮಗ್ಗುಲಲ್ಲಿ
ಬುತ್ತಿಡಬ್ಬಿಯ ಮುಚ್ಚಳ ಹಿಡಿದು ಎಷ್ಟು ಹೊತ್ತು ಕೂತೆನೋ,
ರೊಟ್ಟಿ ಒಣಗಿ ಖಡಕ್ಕಾಗಿತ್ತು.

ಅವರಿಗೆ ಗಾಯ ಯಾಕೆ ಬೇಕು ಅಂತ ಯೋಚಿಸಿದ್ದೇನೆ.
ಗಾಯವಿದ್ದವನನ್ನು ಮುಟ್ಟಲಿಕ್ಕೆ ನೆಪ ಸಿಗುತ್ತದೆ,
ಮುಲಾಮಿನ ನೆಪ, ಪಟ್ಟಿ ಬಿಚ್ಚುವ ನೆಪ.
ನೆಪವಿಲ್ಲದೆ ಮುಟ್ಟುವುದನ್ನು ನಮಗೆ ಯಾರೂ ಕಲಿಸಲಿಲ್ಲ.
ಇಪ್ಪತ್ತೆರಡರಲ್ಲಿ ಸೂಜಿ ನನ್ನ ಉಗುರೊಳಗೆ ಮುರಿದಾಗ
ಜಿಪ್ಪು ಹಚ್ಚುವ ಯಂಕೋಬ ಓಡಿಬಂದ;
ಯಾವ ಹಲ್ಲಿನಿಂದ ದಾರ ಕಡಿಯುತ್ತಿದ್ದನೋ
ಅದೇ ಹಲ್ಲಿನಿಂದ ಸೂಜಿಯ ಚೂರು ಕಚ್ಚಿ ಎಳೆದ.
ಆಮೇಲೆ ಅವನಿಗೆ ಆದೋನಿಯಲ್ಲಿ ಮದುವೆ.
ಪ್ಯಾಂಟು ನಾನೇ ಹೊಲಿದುಕೊಟ್ಟೆ, ಅಳತೆ ತೆಗೆಯದೆ.
ಉಗುರು ಈಗಲೂ ಸೀಳಾಗಿಯೇ ಬೆಳೆಯುತ್ತದೆ.

ಅದೇ ಪುಟದ ಅಂಚಿನಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ನೀಲಿ.
ಇಂಕಲ್ಲ. ನನಗೆ ಗೊತ್ತು ಆ ನೀಲಿ:
ವಾಷಿಂಗ್ ಯೂನಿಟ್ಟಿನಲ್ಲಿ ಹಸಿ ಜೀನ್ಸ್ ಹಿಂಡುವವರ ಕೈಯದು,
ಹಬ್ಬದ ದಿನ ಸೀಗೆಪುಡಿ ಹಾಕಿ ಉಜ್ಜಿದರೂ ಬಿಡುವುದಿಲ್ಲ.
ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ ಅಂತಾರೆ.
ಇದು ಓದಿ ಒತ್ತಿದ್ದು,
ಬೂಟು ಒಳಗಿಟ್ಟ ಸಾಲಿಗೆ ಸರಿಯಾಗಿ.

ಬಳ್ಳಾರಿಯಲ್ಲಿ ನೀಲಿ ಕೈಯವರು ಎಷ್ಟು ಜನ!
ಗಾದಿಲಿಂಗಪ್ಪನ ವಹಿಯಲ್ಲಿ ಹೆಸರಿರುತ್ತದೆ. ಕೇಳಬಹುದಿತ್ತು.
ಮೂರು ವಾರದ ಬಾಡಿಗೆ ಕಟ್ಟಿದೆ, ದಿನಕ್ಕೆ ಎರಡು ರೂಪಾಯಿ.
"ಅಷ್ಟೇನು ದಪ್ಪ ಇಲ್ಲಲ್ಲ ಅದು" ಅಂದ.
ಇಲ್ಲ, ಅಂದೆ.

ಕೊಡುವ ಮುಂಚೆ, ಮಧ್ಯಾಹ್ನ,
ಕರೆಂಟು ಹೋಗಿ ಮಿಷನ್ನುಗಳೆಲ್ಲ ಒಮ್ಮೆಗೇ ಸುಮ್ಮನಾಗಿ
ಕೌಲ್‌ಬಜಾರಿನ ಕಾಗೆಗಳು ಕೇಳಿಸತೊಡಗಿದಾಗ,
ಆ ಪುಟಕ್ಕೊಂದು ಕಿತ್ತಳೆ ದಾರ ಇಟ್ಟಿದ್ದೆ,
ಜೇಬಿಗೆ ಹಾಕುತ್ತೇವಲ್ಲ, ಅದು:
ಎರಡು ಪದರ ಕೂಡಿದ ಜಾಗ
ಹೊರಗಿನಿಂದಲೇ ಕಾಣಲಿ ಅಂತ
ಬೇಕಂತಲೇ ಬೇರೆ ಬಣ್ಣ.

ಗಾದಿಲಿಂಗಪ್ಪ ಪುಸ್ತಕವನ್ನು ತೊಡೆಗೆ ಬಡಿದು ಕೊಡವಿದ.
ಹಿಟ್ಟು ಉದುರಿತು.
ದಾರ ಬೀಳಲಿಲ್ಲ.